ಹಸಿರು ಕಾರ್ಡಿಗೂ ಒಂದು ಶಹಬ್ಬಾಸ್‌ಗಿರಿ

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ಸೇರಿದವಳು ನಾನು. ಆಮೇಲೆ ಟೈಲರ್, ಸೂಪರ್‌ವೈಸರ್ ಆಗಿ ಈಗ ಒಂದು ಫ್ಲೋರ್ ನೋಡಿಕೊಳ್ಳುತ್ತೇನೆ. ಎಲ್ಲ ಶರ್ಟಿನ ಲೈನ್‌ಗಳು. ಕೆಲಸದವರಲ್ಲಿ ಹೆಂಗಸರೇ ಜಾಸ್ತಿ, ಎಷ್ಟೋ ಜನ ರಾಮನಗರ, ಚನ್ನಪಟ್ಟಣ, ಮದ್ದೂರು ಕಡೆಯಿಂದ ಬೆಳಗಿನ ರೈಲಿಗೆ ಬರುವವರು. ಇಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಏನೋ ಕೆಟ್ಟಿದೆ ಅಂತಲೇ ಲೆಕ್ಕ.

ಪ್ರತಿ ಮೆಷಿನ್‌ಗೂ ಒಂದು ಕಾರ್ಡ್ ನೇತುಹಾಕಿರುತ್ತೇವೆ. ಕ್ವಾಲಿಟಿ ನೋಡುವ ಕ್ಯೂಸಿ ಹುಡುಗಿ ಓಡಾಡುತ್ತಾ 7 ಪೀಸ್ ಎತ್ತಿ ನೋಡುತ್ತಾಳೆ. ಒಂದರಲ್ಲೂ ತಪ್ಪಿಲ್ಲದಿದ್ದರೆ ಹಸಿರು, ಒಂದರಲ್ಲಿ ಸಿಕ್ಕರೆ ಹಳದಿ, ಅದಕ್ಕಿಂತ ಹೆಚ್ಚಾದರೆ ಕೆಂಪು. ಕೆಂಪು ಬಿದ್ದ ಮೆಷಿನ್ ಸುತ್ತ ಜಾತ್ರೆ: ಸೂಪರ್‌ವೈಸರ್, ಮೆಕ್ಯಾನಿಕ್, ಕ್ವಾಲಿಟಿಯವರು. ಹಸಿರು ಕಾರ್ಡಿನ ಹತ್ತಿರ ನರಪಿಳ್ಳೆಯೂ ಸುಳಿಯುವುದಿಲ್ಲ.

ಫ್ಲೋರ್ ನನ್ನ ಕೈಗೆ ಬಂದ ಮೇಲೆ ಬೆಳಗಿನ ರೌಂಡನ್ನು ಹಸಿರು ಕಾರ್ಡ್‌ಗಳಿಂದ ಶುರು ಮಾಡಿದೆ. ‘ಚೆನ್ನಾಗಿದೆ’ ಅಂದು ಮುಂದೆ ಹೋದರೆ ಆ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಪೀಸ್ ಕೈಗೆತ್ತಿಕೊಂಡು ನೋಡಬೇಕು. ಚೆಕ್ಸ್ ಶರ್ಟಿಗೆ ಜೇಬು ಕೂರಿಸುವುದು ಎಂಥ ಟೈಲರ್‌ಗೂ ತಲೆನೋವು. ಜೇಬಿನ ಗೆರೆ ಮೈಬಟ್ಟೆಯ ಗೆರೆಗೆ ಅಡ್ಡಕ್ಕೂ ಉದ್ದಕ್ಕೂ ಸೇರಬೇಕು. ಮದ್ದೂರು ಕಡೆಯವರೊಬ್ಬರ ಮೆಷಿನ್‌ನಲ್ಲಿ ಮಾತ್ರ ಗೆರೆ ಅಲುಗುತ್ತಿರಲಿಲ್ಲ.

“ಅಕ್ಕಾ, ಹೆಂಗೆ ಕೂರಿಸ್ತೀರ, ನನಗೂ ತೋರ್ಸಿ.”

“ಯಾಕ್ ಮೇಡಂ, ಏನಾಯ್ತು?” ಗಾಬರಿಯಾದರು.

ಏನೂ ಆಗಿಲ್ಲ ಅಂದ ಮೇಲೆ ತೋರಿಸಿದರು. ಮೆಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಬೇಗ ಎಳೆದುಕೊಳ್ಳುತ್ತದೆ, ಮೇಲಿನ ಜೇಬು ಹಿಂದೆ ಬೀಳುತ್ತದೆ. ಅದಕ್ಕೇ ಅವರು ಕೆಳಗಿನದನ್ನು ಎಡಗೈಯಲ್ಲಿ ತುಸು ಬಿಗಿ ಹಿಡಿದು, ಜೇಬನ್ನು ಸಡಿಲ ಬಿಟ್ಟು ಹೊಲಿಯುತ್ತಿದ್ದರು. ಮಧ್ಯಾಹ್ನ ಇಬ್ಬರು ಹೊಸ ಹುಡುಗಿಯರನ್ನು ಅವರ ಪಕ್ಕ ಕೂರಿಸಿದೆ. ಪ್ರೊಡಕ್ಷನ್ ಬೋರ್ಡಿನ ಮೂಲೆಯಲ್ಲಿ ‘ಚೆಕ್ಸ್ ಜೇಬಿಗೆ ಇವರನ್ನು ಕೇಳಿ’ ಅಂತ ಅವರ ಹೆಸರು ಬರೆಸಿದೆ. ಬೇರೆ ಲೈನಿನವರೂ ಬಂದು ಕೇಳತೊಡಗಿದರು. ಆ ಅಕ್ಕನ ನಡಿಗೆಯೇ ಬೇರೆಯಾಯಿತು ಅಂದರೆ ಉತ್ಪ್ರೇಕ್ಷೆಯಲ್ಲ.

ತಿಂಗಳಿಗೊಬ್ಬರ ಫೋಟೋ ಕ್ಯಾಂಟೀನ್ ಗೋಡೆಗೆ ಹಾಕುವ ಪದ್ಧತಿ ನಾನು ಬರುವ ಮುಂಚಿನಿಂದಲೂ ಇತ್ತು. ಅದರ ಮೇಲೆ ನನಗೆ ನಂಬಿಕೆ ಕಡಿಮೆ. ‘ಸೂಪರ್‌ವೈಸರ್‌ಗೆ ಬೇಕಾದೋಳು’ ಅನ್ನುವ ಮಾತು ಫೋಟೋದ ಜೊತೆಗೇ ಅಂಟಿಕೊಳ್ಳುತ್ತದೆ. ಸೂಪರ್‌ವೈಸರ್ ಗಂಡಸಾಗಿದ್ದರಂತೂ ಕೇಳುವುದೇ ಬೇಡ, ಆ ಹೆಣ್ಣುಮಗಳು ತಲೆ ತಗ್ಗಿಸಿ ಓಡಾಡಬೇಕು. ಪೀಸ್ ಲೆಕ್ಕದ ಮೇಲೆ ಆರಿಸುವುದರಿಂದ ದಾರ ಕತ್ತರಿಸುವ ಹೆಲ್ಪರ್‌ಗಳ ಮುಖ ಆ ಗೋಡೆ ಹತ್ತಿದ್ದೂ ಇಲ್ಲ. ಹೊಗಳಿಕೆ ಕೆಲಸದ ಹೆಸರು ಹಿಡಿದು ಬಂದರೆ ಇಂಥ ಮಾತಿಗೆ ಜಾಗ ಕಡಿಮೆ, ಯಾಕೆಂದರೆ ಆ ಕೆಲಸ ಎಲ್ಲರ ಕಣ್ಣೆದುರೇ ಇರುತ್ತದೆ.

ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞರು 1950ರ ದಶಕದಲ್ಲಿ ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಇಂಜಿನಿಯರ್, ಅಕೌಂಟೆಂಟ್‌ಗಳನ್ನು ಮಾತಾಡಿಸಿದ್ದರು. ಖುಷಿ ಕೊಟ್ಟ ಸಂದರ್ಭ ಕೇಳಿದರೆ ಸಾಧನೆ, ಮನ್ನಣೆಯ ಮಾತು ಮುಂದೆ ಬಂತು. ಬೇಸರದ ಸಂದರ್ಭಗಳಲ್ಲಿ ಕಂಪನಿಯ ನಿಯಮ, ಮೇಲಿನವರ ವರ್ತನೆಯ ದೂರು. ಟ್ರೇನಿಂಗ್‌ನಲ್ಲಿ ಇದನ್ನು ತೋರಿಸಿದಾಗ ಕೆಲವು ಮ್ಯಾನೇಜರ್‌ಗಳು ‘ಹಾಗಾದ್ರೆ ದುಡ್ಡು ಮುಖ್ಯ ಅಲ್ಲ’ ಅಂತ ಹಿಗ್ಗಿದರು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಹೊರಟಾಗ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಬೆಂಗಳೂರಿನ ರಸ್ತೆಗಿಳಿದದ್ದು, ಕೇಂದ್ರ ಸರ್ಕಾರ ಆದೇಶ ವಾಪಸ್ ಪಡೆದದ್ದು ಅವರಿಗೆ ಮರೆತುಹೋಗಿರಬೇಕು. ಯಾರದಾದರೂ ಓಟಿ ಲೆಕ್ಕ ತಪ್ಪಿದ್ದರೆ ನಾನು ಹೊಗಳಲು ಹೋಗುವುದಿಲ್ಲ. ಮೊದಲು ಟೈಮ್ ಆಫೀಸಿಗೆ ಹೋಗಿ ಸರಿ ಮಾಡಿಸುತ್ತೇನೆ.

ಸೂಪರ್‌ವೈಸರ್‌ಗಳ ಬಾಯಿಂದ ನಾನು ಬಿಡಿಸಬೇಕಾಗಿರುವುದು ಇನ್ನೊಂದಿದೆ: “ಸೂಪರ್ ಅಕ್ಕ, ನಾಳೆಯಿಂದ ಗಂಟೆಗೆ ಇನ್ನೂ ಐದು ಪೀಸ್ ಕೊಡಿ.” ಹೀಗೆ ಒಮ್ಮೆ ಕೇಳಿಸಿಕೊಂಡ ಟೈಲರ್ ಮರುದಿನದಿಂದ ಕೈ ನಿಧಾನ ಮಾಡುತ್ತಾಳೆ, ಬುದ್ಧಿವಂತೆ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಅದಕ್ಕೇ ನಮ್ಮ ಫ್ಲೋರ್‌ನಲ್ಲಿ ಬೋರ್ಡಿನ ಮೇಲೆ ಹೆಸರು ಬಂದವರ ಟಾರ್ಗೆಟ್‌ ಅನ್ನು ಆ ಸ್ಟೈಲ್, ಅಂದರೆ ಆಗ ಹೊಲಿಯುತ್ತಿರುವ ಶರ್ಟಿನ ಮಾದರಿ, ಮುಗಿಯುವವರೆಗೂ ಯಾರೂ ಮುಟ್ಟುವಂತಿಲ್ಲ. ಟಾರ್ಗೆಟ್ ಲೆಕ್ಕ ಹಾಕುವ ಐಇಯವರು (ಇಂಡಸ್ಟ್ರಿಯಲ್ ಇಂಜಿನಿಯರಿಂಗ್) ಗೊಣಗುತ್ತಾರೆ, ಗೊಣಗಲಿ.