ಮಂಡಿ ನೋವು ಅಂತ ಬಂದ ಹುಡುಗ, 13 ವರ್ಷ ಆದಮೇಲೆ

ನಾನು ಕರಾವಳಿಯಲ್ಲಿ ಮೂಳೆ ಡಾಕ್ಟರ್. 9 ವರ್ಷದ ಆ ಹುಡುಗ ಮೊದಲು ಬಂದಿದ್ದು ಮಂಡಿ ನೋವು ಅಂತ. ನಾನು ಮಂಡಿಯ ಎಕ್ಸ್‌ರೇ ಮಾತ್ರ ತೆಗೆಸಿದೆ. ಏನೂ ಇರಲಿಲ್ಲ, ಬೆಳೆಯುವ ಮಕ್ಕಳ ನೋವು ಅಂದು ಕಳಿಸಿಬಿಟ್ಟೆ. ತಪ್ಪು ನನ್ನದೇ. ಸೊಂಟದ ಕೀಲು ಕೆಟ್ಟರೆ ಮಕ್ಕಳು ಎಷ್ಟೋ ಸಲ ಮಂಡಿಯನ್ನೇ ತೋರಿಸುತ್ತಾರೆ. ಅದೂ ಮಕ್ಕಳ ಸೊಂಟದ ಕೀಲಿಗೆ ಬರುವ ಪರ್ಥಿಸ್ ಕಾಯಿಲೆ ಉಡುಪಿ ಕಡೆ ಜಾಸ್ತಿ ಅಂತ ಮಣಿಪಾಲದ ವೈದ್ಯರು 1980ರ ದಶಕದಲ್ಲೇ ಬರೆದಿದ್ದರು, ಓದಿಯೂ ಇದ್ದೆ!

ಎರಡು ತಿಂಗಳಿಗೆ ಕುಂಟುತ್ತಾ ಬಂದ. ಮಲಗಿಸಿ ಕಾಲು ಅಗಲಿಸಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಪರ್ಥಿಸ್‌ನಲ್ಲಿ ತೊಡೆ ಮೂಳೆಯ ಮೇಲ್ತುದಿಯ ಚೆಂಡಿಗೆ ರಕ್ತ ಹೋಗುವುದು ನಿಂತು ಅದು ಮೆತ್ತಗಾಗುತ್ತದೆ, ಆಮೇಲೆ ಎರಡು ಮೂರು ವರ್ಷದಲ್ಲಿ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಅಷ್ಟರೊಳಗೆ ಚಪ್ಪಟೆಯಾಗದ ಹಾಗೆ ಅದನ್ನು ಸೊಂಟದ ಗುಳಿಯೊಳಗೇ ಕೂರಿಸಿಡಬೇಕು, ನಮ್ಮ ಕೆಲಸ ಇಷ್ಟೇ. ಎಂಟು ದಾಟಿದ ಮಕ್ಕಳಿಗೆ ಸುಮ್ನೆ ಕಾಯುವುದು ಒಳ್ಳೆಯದಲ್ಲ. ಚೆಂಡು ಗುಳಿಯೊಳಗೆ ಕೂರುವ ಹಾಗೆ ತೊಡೆ ಮೂಳೆ ಕೊಯ್ದು, ಓರೆ ಮಾಡಿ, ಪ್ಲೇಟ್ ಹಾಕಿದೆ.

"ಆಪರೇಷನ್ ಮಾಡಿಸಿ ಕುಂಟುವುದು ಇನ್ನೂ ಜಾಸ್ತಿ ಆಯ್ತಲ್ಲ ಡಾಕ್ಟ್ರೇ" ಅಂದರು ತಾಯಿ. ನಿಜವೇ. ಕಾಲು ಒಂದು ಸೆಂಟಿಮೀಟರ್ ಗಿಡ್ಡ, ಪೃಷ್ಠದ ಸ್ನಾಯುವಿಗೆ ಬಲವಿಲ್ಲ. ಒಂದು ವರ್ಷ ಹಾಗೇ ಇತ್ತು. ಇದನ್ನು ಆಪರೇಷನ್‌ಗೆ ಮೊದಲೇ ಹೇಳಬೇಕಿತ್ತು, ಈಗ ಎಲ್ಲರಿಗೂ ಹೇಳುತ್ತೇನೆ.

ಆಪರೇಷನ್ ಆಗಿ ಎರಡು ವರ್ಷಕ್ಕೆ ತೆಗೆದ ಎಕ್ಸ್‌ರೇ ನೋಡಿ "ಸಕ್ಸಸ್" ಅಂತ ಬರೆಯುವುದರಲ್ಲಿ ನನಗೆ ನಂಬಿಕೆ ಇಲ್ಲ. ಬೆಳವಣಿಗೆ ನಿಲ್ಲುವವರೆಗೆ ಚೆಂಡಿನ ಆಕಾರ ಬದಲಾಗುತ್ತದೆ. ಚೆನ್ನಾಗಿದ್ದವರು ಆಸ್ಪತ್ರೆ ಕಡೆ ಬರುವುದೂ ಇಲ್ಲ ಅಲ್ವಾ? ಅದಕ್ಕೇ ಹಳೇ ಫೈಲ್ ತೆಗೆದು ನಾನೇ ಫೋನ್ ಮಾಡುತ್ತೇನೆ.

ಹೀಗೆ ಕರೆಸಿದಾಗ ಅವನಿಗೆ 22, ಗ್ಯಾರೇಜ್ ಕೆಲಸ. ಕುಂಟಿಲ್ಲ. ಚೆಂಡು ಪೂರ್ತಿ ದುಂಡಗಿಲ್ಲ, ಕೋಳಿಮೊಟ್ಟೆ ಹಾಗಿದೆ, ಗುಳಿಯೂ ಅದಕ್ಕೆ ಹೊಂದುವ ಹಾಗೆ ಬೆಳೆದಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕು ಅಂದೆ. ಕೂತ, ಆದರೆ ಆ ಕಡೆಯ ಮಂಡಿ ನೆಲದಿಂದ ಒಂದು ಗೇಣು ಮೇಲೇ ನಿಂತಿತು.

"ಮುಂದೆ ತೊಂದರೆ ಬರ್ತದಾ ಸರ್?"

ಈ ಆಕಾರಕ್ಕೆ ವಯಸ್ಸಾದ ಮೇಲೆ ಸವೆತ ಬರಬಹುದು, ಚಪ್ಪಟೆಯಾಗಿ ಗುಳಿಗೆ ಹೊಂದದೇ ಇದ್ದಿದ್ದರೆ 50ರೊಳಗೇ ಬರುತ್ತಿತ್ತು ಅಂದೆ. ತೂಕ ಏರಿಸಬೇಡ, ತೊಡೆ ಸಂದಿಯಲ್ಲಿ ನೋವು ಶುರುವಾದರೆ ತಡ ಮಾಡಬೇಡ ಅಂದು ಹಳೇ ಎಕ್ಸ್‌ರೇಗಳನ್ನೆಲ್ಲ ಅವನ ಕೈಗೇ ಕೊಟ್ಟೆ.