ಅನುಕಲನಕ್ಕೆ ಮುಂಚಿನ ಒಂದು ಸಾಲು: ನನ್ನ ಅನುಭವ

ದ್ವಿತೀಯ ಪಿಯುಸಿ ಮಕ್ಕಳಿಗೆ ಮನೆಯಲ್ಲಿ ಗಣಿತ ಹೇಳಿಕೊಡಲು ಆರಂಭಿಸಿ ಹನ್ನೊಂದು ವರ್ಷಗಳಾಗಿರಬೇಕು. ಮೊದಲ ಏಳೆಂಟು ತರಗತಿಗಳಲ್ಲಿ ಅನುಕಲನದ (ಇಂಟಿಗ್ರೇಷನ್) ಚಿಹ್ನೆಯನ್ನೇ ಬರೆಯದೆ, ಕೊಟ್ಟ ಉಕ್ತಿಯನ್ನು (ಎಕ್ಸ್‌ಪ್ರೆಷನ್) ಬೇರೆ ರೂಪದಲ್ಲಿ ಬರೆಯುವುದನ್ನಷ್ಟೇ ಅಭ್ಯಾಸ ಮಾಡಿಸುತ್ತೇನೆ ಎಂದಾಗ, "ಪರೀಕ್ಷೆಯ ಹೊತ್ತಿಗೆ ಅದೆಲ್ಲ ಹೊಳೆಯುವುದಿಲ್ಲ ಮೇಷ್ಟ್ರೇ, ಸೂತ್ರ ಬಾಯಿಪಾಠ ಮಾಡಿಸಿ" ಎಂದು ಹಿರಿಯ ಉಪನ್ಯಾಸಕರೊಬ್ಬರು ನಕ್ಕಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಐದಾರು ಮಕ್ಕಳು ನಡುವೆಯೇ ಬಿಟ್ಟುಹೋದರು, ತಲಾ ಮೂರು ಸಾವಿರದಷ್ಟು ಶುಲ್ಕವನ್ನು ಹಿಂತಿರುಗಿಸಿದೆ.

ಲೆಕ್ಕಕ್ಕೊಂದು ಉಪಾಯ ಹೇಳುತ್ತಿದ್ದುದೇ ನನ್ನ ತಪ್ಪಾಗಿತ್ತು. ಈಗ ಛೇದವನ್ನು ಅಂಶದೊಳಗೆ ಹುಡುಕಿರಿ ಎಂಬ ಒಂದೇ ಮಾತಿನಿಂದ ಆರಂಭಿಸುತ್ತೇನೆ. 1/(ಎಕ್ಸ್(ಎಕ್ಸ್⁵ + 1)) ಎಂಬುದನ್ನು ಆಂಶಿಕ ಭಿನ್ನರಾಶಿಗಳಾಗಿ, ಅಂದರೆ ಸರಳ ಭಿನ್ನರಾಶಿಗಳ ಮೊತ್ತವಾಗಿ, ಒಡೆಯಲು ಹೋಗಿ ಪುಟ ತುಂಬಿಸುತ್ತಿದ್ದ ಮಕ್ಕಳು, ಅಂಶದ 1 ಅನ್ನು (ಎಕ್ಸ್⁵ + 1) − ಎಕ್ಸ್⁵ ಎಂದು ಬರೆದು, ಎರಡೇ ಸಾಲಿನಲ್ಲಿ ಲಾಗ್|ಎಕ್ಸ್| − (1/5) ಲಾಗ್|ಎಕ್ಸ್⁵ + 1| ಎಂಬಲ್ಲಿಗೆ ಬರುತ್ತಾರೆ.

ದೊಡ್ಡ ಪೆಟ್ಟು ಬಿದ್ದದ್ದು (ಎಕ್ಸ್² + 1)/(ಎಕ್ಸ್⁴ + 1) ಎಂಬ ಹಳೆಯ ಲೆಕ್ಕದಿಂದ. ಅಂಶ, ಛೇದಗಳೆರಡನ್ನೂ ಎಕ್ಸ್² ರಿಂದ ಭಾಗಿಸಿ, ಎಕ್ಸ್ − 1/ಎಕ್ಸ್ ಬದಲು ಹೊಸದೊಂದು ಚರವನ್ನು ಆದೇಶಿಸುವುದು ಇದರ ವಾಡಿಕೆಯ ದಾರಿ. ಅದೇ ಭರದಲ್ಲಿ −1 ರಿಂದ 1 ರವರೆಗಿನ ಬೆಲೆ ಸೊನ್ನೆ ಎಂದು ಉತ್ತರಪುಸ್ತಿಕೆಯಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದೆ. "ಉಕ್ತಿ ಎಲ್ಲೆಡೆಯೂ ಧನವಾಗಿರುವಾಗ ವಿಸ್ತೀರ್ಣ ಸೊನ್ನೆ ಹೇಗಾಗುತ್ತದೆ ಸರ್?" ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಾಗಲೇ, ಎಕ್ಸ್² ರಿಂದ ಭಾಗಿಸುವಾಗ ಸೊನ್ನೆಯ ಬಿಂದುವನ್ನು ಕಳೆದುಕೊಂಡಿದ್ದೇನೆಂದೂ, ಉತ್ತರದಲ್ಲಿ ಬರುವ ಟ್ಯಾನ್ ಇನ್ವರ್ಸ್‌ನ ಬೆಲೆ ಅಲ್ಲಿ ಒಮ್ಮೆಲೇ ಜಿಗಿಯುತ್ತದೆಂದೂ ಅರಿವಾದದ್ದು. 0 ರಿಂದ 1 ರವರೆಗಿನ ಬೆಲೆಯನ್ನು ಇಮ್ಮಡಿಗೊಳಿಸಿದರೆ ಸಿಗುವ ಪೈ/√2, ಅಂದರೆ ಸುಮಾರು 2.22, ಸರಿಯಾದ ಉತ್ತರ. ಇನ್ನೂರು ಪ್ರತಿಗಳು ರದ್ದಿಗೆ ಹೋದವು. ಒಂಬತ್ತು ಸಾವಿರದ ಆಸುಪಾಸು ನಷ್ಟ.

ಅದರ ನಂತರ, ಒಂದೇ ಲೆಕ್ಕವನ್ನು ಎರಡು ರೂಪಗಳಲ್ಲಿ ಬರೆಸಿ ತಾಳೆ ನೋಡುವ ಪ್ರಯೋಗಕ್ಕಿಳಿದೆ. 1/(1 + ಇ^ಎಕ್ಸ್) ನಲ್ಲಿ ಅಂಶಕ್ಕೆ ಇ^ಎಕ್ಸ್ ಅನ್ನು ಕೂಡಿಸಿ ಕಳೆದವರಿಗೆ ಎಕ್ಸ್ − ಲಾಗ್(1 + ಇ^ಎಕ್ಸ್) ಬಂದಿತು, ಅಂಶ, ಛೇದಗಳೆರಡನ್ನೂ ಇ^−ಎಕ್ಸ್ ನಿಂದ ಗುಣಿಸಿದವರಿಗೆ −ಲಾಗ್(1 + ಇ^−ಎಕ್ಸ್) ಬಂದಿತು. ಎರಡೂ ಒಂದೇ ಎಂದು ತೋರಿಸುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತಾದರೂ ಆ ದಿನದ ಪಾಠವನ್ನು ಯಾರೂ ಮರೆತಿಲ್ಲ.

ಕಳೆದ ವರ್ಷ ಮೂವತ್ತರಲ್ಲಿ ಇಪ್ಪತ್ತಾರೋ ಇಪ್ಪತ್ತೇಳೋ ಮಕ್ಕಳು ಅನುಕಲನದ ಪ್ರಶ್ನೆಗಳಲ್ಲಿ ಪೂರ್ಣ ಅಂಕ ಪಡೆದರು. ಛೇದದಲ್ಲಿ ಸೈನ್, ಕಾಸ್ ಎರಡೂ ಇರುವ ಲೆಕ್ಕಗಳಿಗೆ ನಾನು ಬಳಸುವ ರೂಪಾಂತರವೊಂದಿದೆ. ಅದನ್ನು ಸದ್ಯಕ್ಕೆ ಶುಲ್ಕ ಕೊಟ್ಟವರಿಗೆ ಮಾತ್ರ ಹೇಳುತ್ತೇನೆ.