ತಲೆಗೆ ಪೆಟ್ಟು: ಕ್ಯಾಜುವಾಲ್ಟಿಯ ಮೊದಲ ಮಾತಿನಿಂದ ಪರಿಹಾರದ ಆದೇಶದವರೆಗೆ

ಕಾಲು ಮುರಿದರೆ ಎಕ್ಸ್‌ರೇ ಹಿಡಿದು ಯಾರಿಗಾದರೂ ತೋರಿಸಬಹುದು. ಮಿದುಳಿಗೆ ಪೆಟ್ಟು ಬಿದ್ದವನು ಮೂರು ತಿಂಗಳಿಗೆ ಎದ್ದು ಓಡಾಡುತ್ತಾನೆ, ಮನೆಗೆ ಬಂದವರಿಗೆ ಶರಣು ಅನ್ನುತ್ತಾನೆ. ಆದರೆ ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಸಣ್ಣ ಮಾತಿಗೆ ತಾಟು ಎಸೆಯುತ್ತಾನೆ, ಅಂಗಡಿಯ ಚಿಲ್ಲರೆ ಲೆಕ್ಕ ತಪ್ಪುತ್ತದೆ. ಸಾಕ್ಷಿ ಕಟ್ಟೆಯಲ್ಲಿ ಹತ್ತು ನಿಮಿಷ ನಿಂತರೆ ಗಟ್ಟಿಯಾಗಿಯೇ ಕಾಣುತ್ತಾನೆ. ವಿಮಾ ಕಂಪನಿಯ ವಕೀಲರು ಹಿಡಿಯುವುದೂ ಅದನ್ನೇ. ಈ ಗಾಯವನ್ನು ಕಾಗದದ ಮೇಲೆ ಕಾಣಿಸದಿದ್ದರೆ ಪರಿಹಾರ ಅರ್ಧಕ್ಕೆ ಇಳಿಯುತ್ತದೆ, ಆ ಕೆಲಸ ಅಪಘಾತದ ದಿನವೇ ಶುರುವಾಗುತ್ತದೆ.

ಮೊದಲು ಜೀವದ ಮಾತು. ಬಿದ್ದವರು ಎದ್ದು ಚೆನ್ನಾಗಿ ಮಾತಾಡಿ, ಎರಡು ಮೂರು ತಾಸಿನ ಮೇಲೆ ಮಂಪರಿಗೆ ಜಾರಬಹುದು. ತಲೆಬುರುಡೆ ಮತ್ತು ಮಿದುಳಿನ ಪೊರೆಯ ನಡುವೆ ರಕ್ತ ತುಂಬುತ್ತಿದ್ದರೆ ಹೀಗಾಗುತ್ತದೆ. ಮೇಲಿಂದ ಮೇಲೆ ವಾಂತಿ, ಏರುತ್ತಾ ಹೋಗುವ ತಲೆನೋವು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ, ಒಂದು ಕಡೆಯ ಕೈಕಾಲಿನ ಶಕ್ತಿ ಕುಂದುವುದು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೇ ಒಯ್ಯಿರಿ. ನಿದ್ದೆ ಮಾಡಲಿ ಎಂದು ಮನೆಯಲ್ಲಿ ಮಲಗಿಸಬೇಡಿ. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರಲ್ಲಿ, ಹೆಚ್ಚು ಕುಡಿಯುವವರಲ್ಲಿ ರಕ್ತ ನಿಧಾನವಾಗಿ ಕಟ್ಟಿಕೊಂಡು ಮೂರು ನಾಲ್ಕು ವಾರದ ಮೇಲೆ ತೊಂದರೆ ಕಾಣಿಸುವುದೂ ಉಂಟು. ಆಗ ಹಳೆಯ ಪೆಟ್ಟನ್ನು ವೈದ್ಯರಿಗೆ ಹೇಳಲೇಬೇಕು.

ಕೇಸ್ ಶೀಟಿನಲ್ಲಿ ಜಿಸಿಎಸ್ ಎಂಬ, ಎಚ್ಚರದ ಮಟ್ಟ ತೋರಿಸುವ ಅಂಕಿ ಇರುತ್ತದೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. 13ರಿಂದ 15 ಇದ್ದರೆ ಸೌಮ್ಯ, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಮುಂದೆ ಕೋರ್ಟಿನಲ್ಲಿ ಇದು ಬಹಳ ತೂಕದ ಸಾಕ್ಷಿ. ಸಿಟಿ ಸ್ಕ್ಯಾನ್ ‘ನಾರ್ಮಲ್’ ಬಂತೆಂದು ಕೈಬಿಡಬೇಡಿ. ಮಿದುಳಿನ ನರತಂತುಗಳು ಎಳೆದು ಹರಿದಿದ್ದರೆ ಸಿಟಿಯಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಮರೆವು, ಮಂಕು ಉಳಿದಿದ್ದರೆ ಎಂಆರ್‌ಐ ಬೇಕೇ ಎಂದು ಕೇಳಿ.

ಇನ್ನು ಕೇಸು ಹಾಳಾಗುವ ಮೊದಲ ಜಾಗ, ಕ್ಯಾಜುವಾಲ್ಟಿಯ ಮೇಜು. ಡ್ಯೂಟಿ ಡಾಕ್ಟರು “ಏನಾಯ್ತು?” ಅಂತ ಕೇಳುತ್ತಾರೆ. ಜೊತೆಗೆ ಬಂದವರು ಗಾಬರಿಯಲ್ಲಿ “ಗಾಡಿ ಮ್ಯಾಲಿಂದ ಬಿದ್ದಾನ್ರಿ” ಅಂದುಬಿಡುತ್ತಾರೆ. ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳ ದಾಖಲೆಯಲ್ಲಿ, ‘ಬೈಕಿನಿಂದ ತಾನೇ ಬಿದ್ದು ಗಾಯ’ ಎಂದು ಒಂದು ಸಾಲು ಬೀಳುತ್ತದೆ. ಎರಡು ವರ್ಷದ ಮೇಲೆ ಲಾರಿಯ ವಿಮಾ ಕಂಪನಿ ಆ ಸಾಲನ್ನೇ ಎತ್ತಿ, “ನಮ್ಮ ಲಾರಿ ತಾಗಿಯೇ ಇಲ್ಲ, ಆಮೇಲೆ ಸೇರಿಸಿದ್ದಾರೆ” ಎನ್ನುತ್ತದೆ. ಅದಕ್ಕೆ ಗೊತ್ತಿದ್ದಷ್ಟನ್ನೇ, ಪೂರ್ತಿಯಾಗಿ ಹೇಳಿ: ಯಾವ ಊರ ಹತ್ತಿರ, ಎಷ್ಟು ಗಂಟೆಗೆ, ಯಾವ ವಾಹನ ಗುದ್ದಿತು, ನಂಬರ್ ಏನು. ನೋಡಿಲ್ಲದಿದ್ದರೆ “ನಾವು ನೋಡಿಲ್ಲ, ನೋಡಿದವರು ಹಿಂದೆ ಬರ್ತಿದಾರ” ಎನ್ನಿ. ಸುಳ್ಳು ಬೇಡ. ಸುಳ್ಳು ನಂಬರ್ ಕೊಟ್ಟ ಕೇಸು ಅಲ್ಲಿಗೇ ಮುಗಿಯಿತು.

ಕಲಬುರಗಿ, ಬೀದರ್, ಯಾದಗಿರಿಯ ಗಾಯಾಳುಗಳನ್ನು ಎಷ್ಟೋ ಸಲ ನೇರ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುತ್ತಾರೆ. ಹಾಗಾದಾಗ ಅಲ್ಲಿನ ಎಂಎಲ್‌ಸಿ ಮಾಹಿತಿ ನಮ್ಮ ಠಾಣೆಗೆ ತಡವಾಗಿ ಮುಟ್ಟುತ್ತದೆ, ಫಿರ್ಯಾದಿಯೂ ತಡವಾಗುತ್ತದೆ. ಮನೆಯವರಲ್ಲಿ ಒಬ್ಬರು ಆಸ್ಪತ್ರೆಗೆ ಹೋದರೆ ಇನ್ನೊಬ್ಬರು ಅಪಘಾತವಾದ ಜಾಗದ ಠಾಣೆಗೆ ಹೋಗಲಿ. ತಡವಾಗಿದ್ದರೆ ಯಾಕೆ ತಡವಾಯಿತೆಂದು ಫಿರ್ಯಾದಿಯಲ್ಲೇ ಬರೆಸಿ. ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರಲ್ಲಿ ಬಂದಿದೆ. ದಾಖಲಾಗುವಾಗಲೇ ಅದನ್ನು ಕೇಳಿ.

ಠಾಣೆಯಿಂದ ಬೇಕಾದ ಕಾಗದಗಳು: ಎಫ್‌ಐಆರ್ ಮತ್ತು ಫಿರ್ಯಾದಿ, ಸ್ಥಳ ಪಂಚನಾಮೆ, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪ ಪಟ್ಟಿ, ಗುದ್ದಿದ ವಾಹನದ ಆರ್‌ಸಿ, ವಿಮೆ, ಚಾಲಕನ ಲೈಸೆನ್ಸ್. ಆಸ್ಪತ್ರೆಯಿಂದ ಡಿಸ್ಚಾರ್ಜ್ ಕಾರ್ಡ್ ಒಂದೇ ಸಾಲದು, ಪೂರ್ತಿ ಕೇಸ್ ಶೀಟಿನ ಪ್ರತಿ ಮತ್ತು ಸ್ಕ್ಯಾನ್ ಫಿಲ್ಮ್ ತೆಗೆದುಕೊಳ್ಳಿ. ಔಷಧದ ಬಿಲ್ಲು, ಆಂಬ್ಯುಲೆನ್ಸ್ ರಸೀದಿ, ತಪಾಸಣೆಗೆ ಹೋಗಿಬಂದ ಗಾಡಿ ಬಾಡಿಗೆಯ ಚೀಟಿ, ಎಲ್ಲ ಅಸಲು ಬೇಕು. ಬಿಲ್ಲಿನ ಅಕ್ಷರ ವರ್ಷದೊಳಗೆ ಅಳಿಸಿಹೋಗುತ್ತದೆ, ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಮನೆಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಹೆಂಡತಿಯೋ ತಾಯಿಯೋ ಮಗಳೋ ದಿನಕ್ಕೆ ಎರಡು ಸಾಲು ಬರೆದರೆ ಸಾಕು: “ತಾರೀಖು 9. ಹಿತ್ತಲಿಗೆ ಹೋದವರು ಹೊಳ್ಳಿ ಬರುವ ದಾರಿ ಮರೆತು ಅಲ್ಲೇ ನಿಂತಿದ್ದರು. ರಾತ್ರಿ ಫಿಟ್ಸ್, ಎರಡು ನಿಮಿಷ.” ಈ ಪುಸ್ತಕವನ್ನು ಪ್ರತಿ ತಪಾಸಣೆಗೂ ಒಯ್ದು ವೈದ್ಯರಿಗೆ ತೋರಿಸಿದರೆ ಅದರ ಸಾರ ಓಪಿಡಿ ಚೀಟಿಗೆ ಬರುತ್ತದೆ. ಚೀಟಿಗೆ ಬಂದದ್ದು ಕೋರ್ಟಿಗೂ ಬರುತ್ತದೆ. ತಪಾಸಣೆ ತಪ್ಪಿಸಿದರೆ ‘ಗುಣವಾಗಿದ್ದಾನೆ, ಅದಕ್ಕೇ ಬಂದಿಲ್ಲ’ ಎಂಬ ವಾದಕ್ಕೆ ದಾರಿಯಾಗುತ್ತದೆ.

ಅರ್ಜಿ ಹಾಕುವುದು ಮೋಟಾರು ವಾಹನ ಕಾಯ್ದೆ 1988ರ 166ನೇ ಕಲಂ ಕೆಳಗೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಅಪಘಾತ ಹುಮನಾಬಾದಿನ ಹೆದ್ದಾರಿಯಲ್ಲಾಗಲಿ, ತೆಲಂಗಾಣದಲ್ಲಾಗಲಿ, ನೀವು ವಾಸಿಸುವ ಜಾಗದ ನ್ಯಾಯಮಂಡಳಿಯಲ್ಲೇ ಹಾಕಬಹುದು. 2022ರ ಏಪ್ರಿಲ್ 1ರಿಂದ ಕಾಯ್ದೆಯಲ್ಲಿ ಆರು ತಿಂಗಳ ಗಡುವು ಬಂದಿದೆ. ಗುಣವಾದ ಮೇಲೆ ನೋಡೋಣ ಎಂದು ಕೂರಬೇಡಿ. ಅರ್ಜಿ ಬೇಗ ಹಾಕಿ, ಅಂಗವೈಕಲ್ಯದ ಸಾಕ್ಷ್ಯವನ್ನು ಆಮೇಲೆ ಕೊಡಿ. ಗಾಯಾಳುವಿಗೆ ತನ್ನ ವ್ಯವಹಾರ ತಿಳಿಯುವ ಸ್ಥಿತಿ ಇಲ್ಲದಿದ್ದರೆ ಅವನ ಹೆಬ್ಬೆಟ್ಟು ಒತ್ತಿಸಬೇಡಿ. ಹೆಂಡತಿಯೋ ತಂದೆಯೋ ‘ವಾದಮಿತ್ರ’ರಾಗಿ, ಅಂದರೆ ಅವನ ಪರವಾಗಿ ಕೇಸು ನಡೆಸುವವರಾಗಿ, ಅರ್ಜಿ ಹಾಕಬೇಕು. ಇಲ್ಲದಿದ್ದರೆ “ವಕಾಲತ್ತಿಗೆ ತಾನೇ ಸಹಿ ಮಾಡಿದವನಿಗೆ ಬುದ್ಧಿ ಎಲ್ಲಿ ಕೆಟ್ಟಿದೆ?” ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅದೇ ಕಾಯ್ದೆಯ 164ನೇ ಕಲಮಿನಲ್ಲಿ ಯಾರ ತಪ್ಪೆಂದು ತೋರಿಸದೆ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಸಿಗುತ್ತದೆ. ಬೇಗ ಸಿಗುವ ಹಣ ಎಂದು ಅದನ್ನು ಒಪ್ಪಿಕೊಂಡರೆ ದೊಡ್ಡ ಕ್ಲೇಮಿನ ದಾರಿ ಮುಚ್ಚುತ್ತದೆ. ಜೀವನಪೂರ್ತಿ ಆರೈಕೆ ಬೇಕಾದ ಮಿದುಳಿನ ಗಾಯಕ್ಕೆ ಇದನ್ನು ಆರಿಸಿಕೊಳ್ಳುವುದು ತಪ್ಪು. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ಬೇರೆ ಯೋಜನೆಯಿದೆ: ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ, ಅರ್ಜಿ ಆ ತಾಲ್ಲೂಕಿನ ಕ್ಲೇಮ್ಸ್ ವಿಚಾರಣಾಧಿಕಾರಿಗೆ. ಕಟ್ಟಡದ ಮೇಲಿಂದಲೋ ಫರ್ಸಿ ಖಣಿಯಲ್ಲೋ ಬಿದ್ದು ಪೆಟ್ಟಾದರೆ ಮೊದಲು ನೌಕರರ ಪರಿಹಾರ ಕಾಯ್ದೆ 1923 ಅನ್ವಯಿಸುತ್ತಿತ್ತು, 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ 2020 ಬಂದಿದೆ, ಅರ್ಜಿಗೆ ಎರಡು ವರ್ಷ ಸಮಯ. ಇಎಸ್‌ಐ ಇದ್ದವರು ಇಎಸ್‌ಐಗೇ ಹೋಗಬೇಕು.

ಹಣ ಹೆಚ್ಚುಕಡಿಮೆಯಾಗುವುದು ಅಂಗವೈಕಲ್ಯದ ಅಂಕಿಯಲ್ಲಿ. 2010ರ ರಾಜಕುಮಾರ್ ವಿರುದ್ಧ ಅಜಯಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ವೈದ್ಯರು ಕೊಟ್ಟ ಶೇಕಡಾವಾರು ಬೇರೆ, ಅದರಿಂದ ದುಡಿಮೆಗೆ ಬಿದ್ದ ಪೆಟ್ಟು ಬೇರೆ, ಲೆಕ್ಕಕ್ಕೆ ಬರುವುದು ಎರಡನೆಯದು. 32 ವರ್ಷದ ಗೌಂಡಿಯ ತಿಂಗಳ ದುಡಿಮೆ 15,000 ಎಂದಿಟ್ಟುಕೊಳ್ಳಿ. ಮುಂದಿನ ಏರಿಕೆಗೆ ಶೇ. 40 ಸೇರಿ 21,000. ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಅಂಕಿ, 16. ವೈದ್ಯರ ಶೇ. 30 ಹಿಡಿದರೆ ದುಡಿಮೆ ನಷ್ಟ 12,09,600 ರೂಪಾಯಿ. ತಲೆಸುತ್ತು ಮತ್ತು ಫಿಟ್ಸ್ ಇರುವವನು ಸಾರವೆ ಹತ್ತಲಾರ, ದುಡಿಮೆಯ ನಷ್ಟ ಶೇ. 60 ಎಂದು ಮನವರಿಕೆಯಾದರೆ 24,19,200. ಇದಕ್ಕಾಗಿ ಚಿಕಿತ್ಸೆ ಕೊಟ್ಟ ನರರೋಗ ತಜ್ಞರು ಸಾಕ್ಷಿ ಹೇಳಬೇಕು, ನೆನಪು, ಗಮನ, ಬುದ್ಧಿಶಕ್ತಿ ಅಳೆಯುವ ನರಮನಶ್ಶಾಸ್ತ್ರೀಯ ಪರೀಕ್ಷೆಯ ವರದಿ ಇರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಮಾಡುತ್ತಾರೆ. ಪರೀಕ್ಷೆಯನ್ನು ಅವಸರದಲ್ಲಿ ಮಾಡಿಸಬೇಡಿ, ಮಿದುಳು ಮೊದಲ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಿರುತ್ತದೆ. ಮೇಸ್ತ್ರಿಯನ್ನೋ ಮಾಲೀಕರನ್ನೋ ಸಾಕ್ಷಿಗೆ ಕರೆಯಿರಿ: ಮೊದಲು ಏನು ಕೆಲಸ ಮಾಡುತ್ತಿದ್ದ, ಈಗ ಯಾಕೆ ಆಗುತ್ತಿಲ್ಲ.

ನೋಡಿಕೊಳ್ಳುವವರ ಖರ್ಚನ್ನು ಕೇಳಲು ಎಷ್ಟೋ ಅರ್ಜಿಗಳು ಮರೆಯುತ್ತವೆ. ಮನೆಯವರೇ ನೋಡಿಕೊಂಡರೂ ಅದಕ್ಕೆ ಬೆಲೆಯಿದೆ. ಟ್ರ್ಯಾಕ್ಟರಿನಲ್ಲಿ ತಂದೆತಾಯಿ ಜೊತೆ ಹೋಗುತ್ತಿದ್ದಾಗ ಲಾರಿ ಗುದ್ದಿ ಮಿದುಳಿಗೆ ಪೆಟ್ಟಾದ 12 ವರ್ಷದ ಹುಡುಗಿಯ ಪ್ರಕರಣದಲ್ಲಿ, 2020ರ ಕಾಜಲ್ ವಿರುದ್ಧ ಜಗದೀಶ್ ಚಂದ್ ತೀರ್ಪು, ಸುಪ್ರೀಂ ಕೋರ್ಟ್ ಇಬ್ಬರು ಸಹಾಯಕರಿಗೆ ಸೇರಿ ತಿಂಗಳಿಗೆ 10,000ದಂತೆ, 18ರ ಗುಣಕದಲ್ಲಿ, 21.60 ಲಕ್ಷ ಕೊಟ್ಟಿತು. ಒಟ್ಟು ಪರಿಹಾರ 62 ಲಕ್ಷ ದಾಟಿತು. ಈ ತೀರ್ಪನ್ನು ನಿಮ್ಮ ವಕೀಲರ ಗಮನಕ್ಕೆ ತನ್ನಿ.

ಲೋಕ ಅದಾಲತ್ ಒಳ್ಳೆಯ ದಾರಿ, ಆದರೆ ಅಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ. ನರಮನಶ್ಶಾಸ್ತ್ರೀಯ ವರದಿ ಕೈಗೆ ಬರುವ ಮೊದಲು ಮಿದುಳಿನ ಗಾಯದ ಕೇಸನ್ನು ರಾಜಿಗೆ ಒಯ್ಯಬೇಡಿ. ವಕೀಲರ ಫೀಸು ಕೊಡಲಾಗದ ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು, ಬಡವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು, ಸಹಾಯವಾಣಿ 15100. ಆದೇಶದ ಮೊತ್ತ ಕಡಿಮೆ ಅನ್ನಿಸಿದರೆ 90 ದಿನದೊಳಗೆ ಕಲಬುರಗಿ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹಾಕಬೇಕು, ಆದ್ದರಿಂದ ಆದೇಶದ ದೃಢೀಕೃತ ಪ್ರತಿಗೆ ಅದೇ ವಾರ ಅರ್ಜಿ ಕೊಡಿ.